ಧಾರವಾಡದ ಕನ್ನಡ ಟ್ರೇನಿಂಗ್ ಕಾಲೇಜು ಮತ್ತು ವಿಜಯಪುರ ಸೀಮೆಯ ಶಾಲೆಗಳು

ವಿಜಯಪುರ ನಗರದ ಸೆರಗಿನಲ್ಲಿರುವ ಇಟ್ಟಂಗಿಹಾಳದಲ್ಲಾಗಲಿ, ಅದರಾಚೆಯ ತಿಕೋಟಾ, ಬಬಲೇಶ್ವರ ಭಾಗದ ಹಳ್ಳಿಗಳಲ್ಲಾಗಲಿ ಮಗುವೊಂದು ಕನ್ನಡದಲ್ಲಿ ಅಕ್ಷರಾಭ್ಯಾಸ ಮಾಡುವುದು ಇಂದು ಯಾರ ಗಮನವನ್ನೂ ಸೆಳೆಯದ ಸಂಗತಿಯಾಗಿದೆ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಸ್ಥಿತಿ ಹೀಗಿರಲಿಲ್ಲ. ಮನೆಯ ಮಾತು ಕನ್ನಡವಾಗಿದ್ದರೂ ಕಚೇರಿಯ ಬರವಣಿಗೆ ಮರಾಠಿಯಾಗಿದ್ದಿತು. ಸರಕಾರದ ಶಾಲೆಯೆಂದರೆ ಬಹುಮಟ್ಟಿಗೆ ಮರಾಠಿ ಶಾಲೆಯೆಂದೇ ಅರ್ಥವಾಗಿದ್ದಿತು. ಈ ಸ್ಥಿತಿ ಬದಲಾದುದಕ್ಕೆ ಕಾರಣಗಳನ್ನು ಹೇಳುವಾಗ ನಾವು ಸಾಮಾನ್ಯವಾಗಿ ಕೆಲವು ಅಧಿಕಾರಿಗಳ ಉದಾರತೆಯನ್ನೂ ಕೆಲವು ಮಹನೀಯರ ಭಾಷಾಭಿಮಾನವನ್ನೂ ಸ್ಮರಿಸುತ್ತೇವೆ. ಅವೆರಡೂ ಸತ್ಯವೇ. ಆದರೆ ಅವುಗಳ ನಡುವೆ ನಿಂತು ಕೆಲಸ ಮಾಡಿದ ಒಂದು ಚಿಕ್ಕ ಸಂಸ್ಥೆಯ ಕಡೆಗೆ ನಮ್ಮ ದೃಷ್ಟಿ ಸಾಕಷ್ಟು ಹೋಗಿಲ್ಲ. ಮುಂಬಯಿ ಇಲಾಖೆಯ ಕನ್ನಡ ಭಾಗಕ್ಕೆಲ್ಲ ಪ್ರಾಥಮಿಕ ಶಿಕ್ಷಕರನ್ನು ಸಿದ್ಧಪಡಿಸಿ ಕಳುಹಿಸುತ್ತಿದ್ದ ಧಾರವಾಡದ ನಾರ್ಮಲ್ ಸ್ಕೂಲು, ಮುಂದೆ ಟ್ರೇನಿಂಗ್ ಕಾಲೇಜು ಎಂದು ಹೆಸರಾದುದು, ಆ ಸಂಸ್ಥೆ. ಶಾಲೆಯ ಭಾಷೆಯನ್ನು ಸರಕಾರದ ಆಜ್ಞೆಗಿಂತ ಹೆಚ್ಚಾಗಿ ಶಿಕ್ಷಕನ ಸಿದ್ಧತೆಯೇ ನಿರ್ಣಯಿಸಿತೆಂಬುದನ್ನು ಅದರ ಇತಿಹಾಸದಿಂದ ತೋರಿಸುವುದು ಈ ಲೇಖನದ ಉದ್ದೇಶ.

ಮೊದಲು ಹೆಸರಿನ ವಿಷಯ. 'ನಾರ್ಮಲ್' ಎಂಬ ಶಬ್ದವನ್ನು ಕೇಳಿ ನಮ್ಮ ವಿದ್ಯಾರ್ಥಿಗಳು ನಗುವುದುಂಟು. ಹಾಗಾದರೆ ಉಳಿದ ಶಾಲೆಗಳು ಅಸಹಜವೇ ಎಂದು ಅವರ ಪ್ರಶ್ನೆ. ಈ ಶಬ್ದ ಫ್ರಾನ್ಸಿನಿಂದ ಬಂದುದು. ಅಲ್ಲಿ ಮಹಾಕ್ರಾಂತಿಯ ಕಾಲದಲ್ಲಿ, ೧೭೯೪ರಲ್ಲಿ, ಶಿಕ್ಷಕರಿಗಾಗಿ ತೆರೆದ ವಿದ್ಯಾಲಯಕ್ಕೆ ಈ ಹೆಸರನ್ನಿಟ್ಟರು. ಅದರ ಮೂಲವಾದ ಲ್ಯಾಟಿನ್ ಶಬ್ದಕ್ಕೆ ಬಡಗಿಯ ಮೂಲೆಮಟ್ಟ, ಅಂದರೆ ಅಳತೆಗೆ ಆಧಾರವಾದ ಮಾದರಿ ಎಂದು ಅರ್ಥ. ಉಳಿದ ಶಾಲೆಗಳು ಯಾವುದನ್ನು ನೋಡಿ ತಮ್ಮನ್ನು ತಿದ್ದಿಕೊಳ್ಳಬೇಕೋ ಅಂಥ ಶಾಲೆ ಎಂಬುದೇ ತಾತ್ಪರ್ಯ. ಇಂಗ್ಲೆಂಡಿನಲ್ಲಿ ಈ ಪ್ರಯತ್ನ ಬೇರೊಂದು ಹಾದಿಯಿಂದ ಬಂದಿತು. ಮದ್ರಾಸಿನ ಅನಾಥ ಬಾಲಕರ ಆಶ್ರಮದಲ್ಲಿ ಮೇಲ್ವಿಚಾರಕನಾಗಿದ್ದ ಆ್ಯಂಡ್ರೂ ಬೆಲ್ ಎಂಬವನು ನಮ್ಮ ಜಗಲಿಯ ಶಾಲೆಗಳಲ್ಲಿ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು ಕಂಡು ಅದನ್ನು ತನ್ನ ಶಾಲೆಗೆ ತಂದನು. ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಪಾಠ ಹೇಳಿಸುವ ಪದ್ಧತಿಯನ್ನು ರೂಢಿಸಿದನು. ೧೭೯೭ರಲ್ಲಿ ಲಂಡನ್ನಿನಲ್ಲಿ ಅದರ ವಿವರವನ್ನು ಅಚ್ಚುಹಾಕಿಸಿದನು. ಈ ದೇಶದ ಐಗಳ ಮಠಗಳಲ್ಲಿ ಸಹಜವಾಗಿದ್ದ ಕ್ರಮವು ಸಮುದ್ರ ದಾಟಿ ಹೋಗಿ, ಐವತ್ತು ವರ್ಷಗಳ ತರುವಾಯ 'ಸುಧಾರಿಸಿದ ಪದ್ಧತಿ'ಯ ಒಂದಂಶವಾಗಿ ನಮಗೇ ಮರಳಿ ಬಂದುದು ಸ್ವಾರಸ್ಯವಾಗಿದೆ.

ಈಗ ವಿಜಯಪುರ ಸೀಮೆಗೆ ಬರೋಣ. ೧೮೧೮ರಲ್ಲಿ ಪೇಶವೆಯ ರಾಜ್ಯ ಮುಗಿದ ಮೇಲೆ ಈ ಭಾಗವು ಸಾತಾರೆಯ ರಾಜನಿಗೆ ಸೇರಿತು. ೧೮೪೮ರಲ್ಲಿ ಸಾತಾರೆಯ ಸಂಸ್ಥಾನ ಇಂಗ್ಲಿಷರ ವಶವಾದಾಗ ಅವರ ಆಳಿಕೆಗೆ ಬಂದಿತು. ಮುಂದೆ ಇದು ಕಲಾದಗಿ ಜಿಲ್ಲೆಯಲ್ಲಿ ಅಂತರ್ಗತವಾಯಿತು. ೧೮೮೦ರ ದಶಕದಲ್ಲಿ ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ಆಗಿನ ಬಿಜಾಪುರಕ್ಕೆ ಬಂದು ಜಿಲ್ಲೆಗೆ ಆ ಹೆಸರೇ ನಿಂತಿತು. ಹೀಗೆ ಕಚೇರಿಗಳು ಬದಲಾದರೂ ದಫ್ತರದ ಭಾಷೆ ಬಹುಕಾಲ ಮರಾಠಿಯೇ, ಲಿಪಿ ಮೋಡಿಯೇ. ಕುಲಕರ್ಣಿಯ ಲೆಕ್ಕ ಓದಬಲ್ಲವನು ಊರಿಗೆ ಒಬ್ಬಿಬ್ಬರು.

ಹಾಗೆಂದು ಹಳ್ಳಿಗಳಲ್ಲಿ ವಿದ್ಯೆಯೇ ಇರಲಿಲ್ಲವೆಂದು ಭಾವಿಸಬಾರದು. ಗುಡಿಯ ಪೌಳಿಯಲ್ಲೋ, ಮಠದ ಪಡಸಾಲೆಯಲ್ಲೋ, ಊರ ಗೌಡನ ಕಟ್ಟೆಯ ಮೇಲೋ ಗಾವಠಿ ಶಾಲೆಗಳು ನಡೆಯುತ್ತಿದ್ದವು. ಕಲಿಸುವ ಐಗಳಿಗೆ ಸುಗ್ಗಿಯಲ್ಲಿ ಜೋಳ, ಹಬ್ಬದಲ್ಲಿ ದಕ್ಷಿಣೆ, ಅಮಾವಾಸ್ಯೆಗೆ ಎಣ್ಣೆ ಸಲ್ಲುತ್ತಿದ್ದವು. ಧೂಳಕ್ಷರ, ಓಲೆ ಕಾಗದ ಓದುವುದು, ಮಗ್ಗಿ, ಅದರಲ್ಲಿಯೂ ಕಾಲು, ಅರೆ, ಮುಕ್ಕಾಲುಗಳ ಮಗ್ಗಿ, ಇವು ಅಲ್ಲಿಯ ಪಾಠಗಳು. ಬಾಯಿಲೆಕ್ಕದಲ್ಲಿ ಈ ಶಾಲೆಗಳ ಹುಡುಗರನ್ನು ಸರಕಾರಿ ಶಾಲೆಯವರು ಸೋಲಿಸುವುದು ಕಷ್ಟವಿದ್ದಿತೆಂದು ನಾವು ನಂಬುತ್ತೇವೆ. ಆದರೆ ಅಚ್ಚಾದ ಪುಸ್ತಕವಿಲ್ಲ, ತರಗತಿಯ ವಿಭಾಗವಿಲ್ಲ, ಭೂಗೋಲ ಇತಿಹಾಸಗಳ ಸುಳಿವಿಲ್ಲ. ಐಗಳು ತೀರಿಕೊಂಡರೆ ಶಾಲೆಯೂ ತೀರಿತು.

ಸರಕಾರದ ಶಾಲೆಗಳು ಮರಾಠಿಯಲ್ಲಿ ಆರಂಭವಾದುದನ್ನು ಕೇವಲ ಪಕ್ಷಪಾತವೆಂದು ಹೇಳಿ ಮುಗಿಸುವುದು ಸರಿಯಲ್ಲ. ೧೮೨೦ರ ದಶಕದಲ್ಲಿ ಜಾರ್ಜ್ ಜರ್ವಿಸನ ಮೇಲ್ವಿಚಾರಣೆಯಲ್ಲಿ ಮುಂಬಯಿಯಲ್ಲಿ ತರಬೇತಿ ಹೊಂದಿ ಜಿಲ್ಲೆಗಳಿಗೆ ಹೊರಟ ಮೊದಲ ಶಿಕ್ಷಕರು ಮರಾಠಿ ಮತ್ತು ಗುಜರಾತಿಯವರು. ಪಠ್ಯಪುಸ್ತಕಗಳೂ ಆ ಭಾಷೆಗಳಲ್ಲಿಯೇ ಸಿದ್ಧವಾದವು. ಕನ್ನಡ ನಾಡಿಗೆ ಶಾಲೆ ಬೇಕೆಂದಾಗ ಸಿದ್ಧವಿದ್ದ ಶಿಕ್ಷಕನೇ ಬಂದನು. ಅವನೊಡನೆ ಅವನ ಪುಸ್ತಕವೂ ಬಂದಿತು. ದಕ್ಷಿಣ ಮರಾಠಾ ಸೀಮೆಯೆಂದು ಈ ಭಾಗವನ್ನು ಕರೆಯುತ್ತಿದ್ದ ಅಧಿಕಾರಿಗಳಿಗೆ ಅದರಲ್ಲಿ ವಿಸಂಗತಿಯೂ ಕಾಣಲಿಲ್ಲ. ೧೮೨೩ರಿಂದ ಸುಮಾರು ಹತ್ತು ವರ್ಷ ಇಲ್ಲಿದ್ದ ವಾಲ್ಟರ್ ಎಲಿಯಟ್ ಜನರ ಭಾಷೆ ಕನ್ನಡವೆಂಬುದನ್ನು ಕಂಡುಕೊಂಡ ಅಪವಾದಗಳಲ್ಲೊಬ್ಬನು. ಆದರೆ ಕಾಣುವುದು ಬೇರೆ, ಕಲಿಸುವವರನ್ನು ಒದಗಿಸುವುದು ಬೇರೆ.

೧೮೫೪ರ ಜುಲೈ ತಿಂಗಳಿನಲ್ಲಿ ಹೊರಟ ಚಾರ್ಲ್ಸ್ ವುಡ್ಡನ ಶಿಕ್ಷಣ ಸಂಬಂಧವಾದ ಆದೇಶಪತ್ರವು ಪ್ರತಿಯೊಂದು ಇಲಾಖೆಯಲ್ಲಿಯೂ ಶಿಕ್ಷಕರ ತರಬೇತಿಗೆ ಶಾಲೆಗಳಾಗಬೇಕೆಂದು ಹೇಳಿತು. ಮರುವರ್ಷ ಮುಂಬಯಿಯಲ್ಲಿ ಶಿಕ್ಷಣಖಾತೆ ಏರ್ಪಟ್ಟಿತು. ಮುಂದಿನ ಕೆಲವು ವರ್ಷಗಳಲ್ಲಿ ಭಾಷೆಗೊಂದರಂತೆ ತರಬೇತಿಯ ಶಾಲೆಗಳು ರೂಪುಗೊಂಡವು: ಮರಾಠಿಗೆ ಪುಣೆ, ಗುಜರಾತಿಗೆ ಅಹಮದಾಬಾದ, ಕನ್ನಡಕ್ಕೆ ಧಾರವಾಡ. ಅಹಮದಾಬಾದಿನ ಕಾಲೇಜಿಗೆ ಪ್ರೇಮಚಂದ ರಾಯಚಂದನಂಥ ಮುಂಬಯಿಯ ಧನಿಕನ ಹೆಸರು ಸೇರಿತು. ಧಾರವಾಡದ್ದಕ್ಕೆ ಅಂಥ ಭಾಗ್ಯವಿರಲಿಲ್ಲ. ಪುಣೆಯಂತೆ ಅದರ ಬೆನ್ನಿಗೆ ದೊಡ್ಡ ಪಟ್ಟಣವೂ ಇರಲಿಲ್ಲ. ಆದರೂ ಇಲಾಖೆಯ ಲೆಕ್ಕದಲ್ಲಿ ಕನ್ನಡವು ಮೂರು ಭಾಷೆಗಳಲ್ಲಿ ಒಂದೆಂದು ದಾಖಲಾದುದು ಈ ಏರ್ಪಾಡಿನಿಂದ. ಅದರ ಮಹತ್ತ್ವ ಕಟ್ಟಡಕ್ಕಿಂತಲೂ ಹೆಚ್ಚಿನದು.

ಬೇಡಿಕೆ ಇದ್ದಕ್ಕಿದ್ದಂತೆ ಬೆಳೆದುದಕ್ಕೆ ಇನ್ನೊಂದು ಕಾರಣವಿದೆ. ೧೮೬೩ರಿಂದ ಮುಂಬಯಿ ಸರಕಾರವು ಭೂಕಂದಾಯದ ರೂಪಾಯಿಗೆ ಒಂದಾಣೆಯಂತೆ ಸ್ಥಾನಿಕ ಪಟ್ಟಿಯನ್ನು ಎತ್ತತೊಡಗಿತು. ಅದರ ಮೂರನೆಯ ಒಂದು ಪಾಲು ಶಿಕ್ಷಣಕ್ಕೆ ಮೀಸಲು. ಹಳೆಯ ನಾಣ್ಯವನ್ನು ಕಾಣದ ಇಂದಿನ ವಾಚಕರಿಗಾಗಿ ಲೆಕ್ಕ ಬಿಡಿಸುವುದಾದರೆ, ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಪೈ. ಆದುದರಿಂದ ರೂಪಾಯಿಗೆ ನಾಲ್ಕು ಪೈ ಶಾಲೆಯ ಪಾಲು. ಹನ್ನೆರಡು ರೂಪಾಯಿ ಕಂದಾಯ ಕೊಡುವ ಒಕ್ಕಲಿಗನು ವರ್ಷಕ್ಕೆ ನಾಲ್ಕಾಣೆಯನ್ನು ಶಾಲೆಗೆ ಕೊಟ್ಟಂತಾಯಿತು. ತನ್ನೂರಿನಲ್ಲಿ ಶಾಲೆಯಿರಲಿ ಇಲ್ಲದಿರಲಿ ಅವನು ಇದನ್ನು ತೆರಬೇಕು. ಹೀಗಾದಾಗ ಶಾಲೆ ಬೇಕೆಂದು ಕೇಳುವ ಹಕ್ಕು ಹಳ್ಳಿಗೆ ತಾನಾಗಿ ಬಂದಿತು. ಶಾಲೆ ತೆರೆಯಲು ಖಾತೆಗೆ ಹಣವೂ ಬಂದಿತು. ಕೊರತೆಯಾದುದು ಶಿಕ್ಷಕರದು.

ಈ ಸಂಧಿಕಾಲದಲ್ಲಿ ಧಾರವಾಡದ ಶಾಲೆಗೆ ದೊರೆತವರು ಚನ್ನಬಸಪ್ಪ ಬಸಲಿಂಗಪ್ಪನವರು (೧೮೩೪-೧೮೮೧), ನಾಡಿನಲ್ಲೆಲ್ಲ ಡೆಪ್ಯುಟಿ ಚನ್ನಬಸಪ್ಪನವರೆಂದೇ ಪ್ರಸಿದ್ಧರು. ಅವರು ನಾರ್ಮಲ್ ಸ್ಕೂಲಿನ ಮುಖ್ಯಾಧ್ಯಾಪಕರಾಗಿಯೂ ತರುವಾಯ ಶಿಕ್ಷಣಖಾತೆಯ ಡೆಪ್ಯುಟಿ ಇನ್‌ಸ್ಪೆಕ್ಟರರಾಗಿಯೂ ಕೆಲಸ ಮಾಡಿದರು. ಈ ಎರಡು ಅಧಿಕಾರಗಳು ಒಬ್ಬರ ಜೀವನದಲ್ಲಿಯೇ ಕೂಡಿದುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಶಿಕ್ಷಕನನ್ನು ತಯಾರಿಸುವವರು ಅವರೇ. ಅವನು ಹೋಗಿ ನಿಂತ ಶಾಲೆಯನ್ನು ತಪಾಸು ಮಾಡುವವರೂ ಅವರೇ. ಮರಾಠಿ ಶಾಲೆಯನ್ನು ಕನ್ನಡಕ್ಕೆ ತಿರುಗಿಸಬೇಕಾದರೆ ಬರಿಯ ಹುಕುಮು ಸಾಲದು, ಮರುದಿನ ಬೆಳಿಗ್ಗೆ ಕನ್ನಡದಲ್ಲಿ ಲೆಕ್ಕ ಹೇಳಬಲ್ಲ ಒಬ್ಬ ಮಾಸ್ತರನು ಬೇಕು, ಅವನ ಕೈಯಲ್ಲಿ ಒಂದು ಕನ್ನಡ ಪುಸ್ತಕ ಬೇಕು. ಅಂಥವರನ್ನು ಕಳುಹಿಸಬಲ್ಲ ಸ್ಥಾನದಲ್ಲಿ ಚನ್ನಬಸಪ್ಪನವರಿದ್ದರು. ಅವರಿಗೆ ಬೆಂಬಲವಾಗಿ ನಿಂತ ಇನ್‌ಸ್ಪೆಕ್ಟರ ರಸೆಲ್ ಸಾಹೇಬನ ಹೆಸರೂ ಇಲ್ಲಿ ಸ್ಮರಣೀಯ.

ಪುಸ್ತಕಗಳ ಕೊರತೆಯನ್ನೂ ಈ ಬಳಗವೇ ತುಂಬಿಕೊಂಡಿತು. ಚನ್ನಬಸಪ್ಪನವರು ಶೇಕ್ಸ್‌ಪಿಯರನ ಒಂದು ವಿನೋದ ನಾಟಕವನ್ನು 'ನಗದವರನ್ನು ನಗಿಸುವ ಕಥೆ' ಎಂದು ೧೮೭೧ರಲ್ಲಿ ಹೊರತಂದರು. ತುರಮರಿ ಗಂಗಾಧರ ಮಡಿವಾಳೇಶ್ವರರು ಬಾಣನ ಕಾದಂಬರಿಯನ್ನು ಕನ್ನಡ ಗದ್ಯಕ್ಕೆ ತಂದರು. ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಕನ್ನಡಿಸಿದರು. ವೆಂಕಟ ರಂಗೋ ಕಟ್ಟಿಯವರು ಪಠ್ಯಪುಸ್ತಕ, ಭಾಷಾಂತರಗಳಲ್ಲಿ ಆಯುಷ್ಯವನ್ನು ಸವೆಸಿದರು. ಶಿಕ್ಷಕರಿಗಾಗಿಯೇ 'ಮಠಪತ್ರಿಕೆ' ಎಂಬ ಪತ್ರಿಕೆ ಹೊರಟಿತು; ಶಾಲೆಯನ್ನು ಮಠವೆನ್ನುವ ಹಳೆಯ ರೂಢಿ ಆ ಹೆಸರಿನಲ್ಲಿ ಉಳಿದುಕೊಂಡಿದೆ. ಮುಂದೆ ಅದು 'ಶಾಲಾಪತ್ರಕ'ವಾಯಿತು. ಹತ್ತೊಂಬತ್ತನೆಯ ಶತಮಾನದ ಉತ್ತರ ಕರ್ನಾಟಕದ ಗದ್ಯವನ್ನು ಅಭ್ಯಾಸ ಮಾಡುವವರು ಅದು ರಾಜಾಸ್ಥಾನದಲ್ಲಿ ಬೆಳೆದುದಲ್ಲ, ಶಿಕ್ಷಣಖಾತೆಯ ಮೇಜಿನ ಮೇಲೆ ಬೆಳೆದುದೆಂಬುದನ್ನು ನೆನಪಿನಲ್ಲಿಡುವುದು ಒಳ್ಳೆಯದು. ಅದರ ಸ್ಪಷ್ಟತೆಗೂ, ಕೆಲವೊಮ್ಮೆ ಬೇಸರ ತರಿಸುವ ಅದರ ಬೋಧಕ ಧ್ವನಿಗೂ ಇದೇ ಕಾರಣ.

ಟ್ರೇನಿಂಗ್ ಕಾಲೇಜಿಗೆ ಯಾರು ಬರುತ್ತಿದ್ದರು, ಏನು ಕಲಿಯುತ್ತಿದ್ದರು ಎಂಬುದನ್ನು ತುಸು ವಿಸ್ತರಿಸಿ ಹೇಳಬೇಕು. ಹಳ್ಳಿಯ ಹುಡುಗನಿಗೆ ಕನ್ನಡ ಏಳನೆಯ ಇಯತ್ತೆಯ ಕೊನೆಗೆ ಮುಲ್ಕಿ ಪರೀಕ್ಷೆ. ಅದರಲ್ಲಿ ತೇರ್ಗಡೆಯಾದವನಿಗೆ ಎರಡು ದಾರಿಗಳು ತೆರೆಯುತ್ತಿದ್ದವು: ಒಂದು ಕಂದಾಯ ಖಾತೆಯ ಚಿಕ್ಕ ನೌಕರಿ, ಇನ್ನೊಂದು ಶಾಲೆಯ ಮಾಸ್ತರಿಕೆ. ಮೊದಲನೆಯದರಲ್ಲಿ ಅಧಿಕಾರವಿತ್ತು, ಎರಡನೆಯದರಲ್ಲಿ ಗೌರವವಿತ್ತೆಂದು ಹೇಳುವ ವಾಡಿಕೆ. ಎರಡನೆಯದನ್ನು ಹಿಡಿದವನು ವಿದ್ಯಾರ್ಥಿವೇತನದ ಮೇಲೆ ಧಾರವಾಡಕ್ಕೆ ಬರುತ್ತಿದ್ದನು. ವಿಜಯಪುರದಿಂದ ಧಾರವಾಡಕ್ಕೆ ಸುಮಾರು ಇನ್ನೂರು ಕಿಲೋಮೀಟರು. ನಡುವೆ ಡೋಣಿ, ಕೃಷ್ಣಾ, ಘಟಪ್ರಭಾ, ಮಲಪ್ರಭಾ. ೧೮೮೦ರ ದಶಕದಲ್ಲಿ ಹೊಟಗಿ-ಗದಗ ರೈಲುಮಾರ್ಗ ಆಗುವವರೆಗೆ ಇದು ಬಂಡಿಯ ಅಥವಾ ಕಾಲುನಡಿಗೆಯ ಪ್ರಯಾಣ. ಮಳೆಗಾಲದಲ್ಲಿ ಎರೆಭೂಮಿಯ ಹಾದಿಯನ್ನು ಬಲ್ಲವರಿಗೆ ಅದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ತರಬೇತಿಯು ಮೂರು ವರ್ಷಗಳ ಮೆಟ್ಟಿಲುಗಳಲ್ಲಿತ್ತು. ಒಂದು ವರ್ಷ ಮುಗಿಸಿದವನೂ ಪ್ರಮಾಣಪತ್ರ ಪಡೆದು ಶಾಲೆಗೆ ಹೋಗಬಹುದು. ಎರಡನೆಯ, ಮೂರನೆಯ ವರ್ಷ ಮುಗಿಸಿದವನಿಗೆ ಹೆಚ್ಚಿನ ದರ್ಜೆ. 'ಫರ್ಸ್ಟ್ ಇಯರ್ ಮಾಸ್ತರ', 'ಥರ್ಡ್ ಇಯರ್ ಮಾಸ್ತರ' ಎಂಬ ಬಿರುದುಗಳು ನಮ್ಮ ಹಳ್ಳಿಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದವು. ವ್ಯಾಕರಣ, ಹಳಗನ್ನಡ ಕಾವ್ಯದ ಪರಿಚಯ, ಗಣಿತ, ಭೂಮಿತಿ, ಇತಿಹಾಸ, ಭೂಗೋಲ, ಇವುಗಳ ಜೊತೆಗೆ ಶಾಲಾವ್ಯವಸ್ಥೆ ಮತ್ತು ಬೋಧನಕ್ರಮ. ಈ ಕೊನೆಯ ಎರಡೇ ಹೊಸವು. ಅಂಟಿಕೊಂಡಿದ್ದ ಅಭ್ಯಾಸಶಾಲೆಯಲ್ಲಿ ವಿದ್ಯಾರ್ಥಿಯು ಸ್ವತಃ ಪಾಠ ಹೇಳಬೇಕು. ಸಹಪಾಠಿಗಳು ಹಿಂದೆ ಕುಳಿತು ದೋಷಗಳನ್ನು ಬರೆದುಕೊಳ್ಳುವರು. ಪಾಠ ಮುಗಿದ ಮೇಲೆ ಅಧ್ಯಾಪಕರ ಮುಂದೆ ಚರ್ಚೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಜರ್ಮನಿಯ ಹರ್ಬಾರ್ಟನ ಅನುಯಾಯಿಗಳ ಪಂಚಸೋಪಾನಗಳು, ಅಂದರೆ ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ನಿಯಮನಿರ್ಣಯ, ಪ್ರಯೋಗ ಎಂಬವು, ಪಾಠಟಿಪ್ಪಣಿಯ ಚೌಕಟ್ಟಾದವು. ಅವು ಕ್ರಮೇಣ ಯಾಂತ್ರಿಕವಾದುದು ನಿಜ. ಬೆಕ್ಕಿನ ಮೇಲಿನ ಪಾಠಕ್ಕೂ ಬಾಬರನ ಮೇಲಿನ ಪಾಠಕ್ಕೂ ಒಂದೇ ಐದು ಮೆಟ್ಟಿಲು ಹತ್ತಿದವರನ್ನು ನಾವೂ ಕಂಡಿದ್ದೇವೆ. ಆದರೆ ಮಗುವಿಗೆ ಮೊದಲೇ ತಿಳಿದಿರುವುದರಿಂದ ಪಾಠ ಆರಂಭವಾಗಬೇಕೆಂಬ ಮೊದಲನೆಯ ಸೋಪಾನದಲ್ಲಿ ಮಾತೃಭಾಷೆಯ ಪಕ್ಷಕ್ಕೆ ಒಂದು ಶಾಸ್ತ್ರೀಯ ಆಧಾರ ಅಡಗಿದ್ದಿತು. ತಿಳಿಯದ ಭಾಷೆಯಲ್ಲಿ ಪೂರ್ವಸಿದ್ಧತೆ ಹೇಗೆ ಸಾಧ್ಯ?

ಧಾರವಾಡ, ಬೆಳಗಾವಿ, ಕಲಾದಗಿ ಮತ್ತು ೧೮೬೨ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿದ ಉತ್ತರ ಕನ್ನಡ, ಈ ಜಿಲ್ಲೆಗಳ ಹುಡುಗರು ಒಂದೇ ಸೂರಿನಡಿ ಇದ್ದುದರ ಪರಿಣಾಮವೂ ಕಡಿಮೆಯದಲ್ಲ. ಕರಾವಳಿಯ ಕನ್ನಡವನ್ನೂ ಎರೆಸೀಮೆಯ ಕನ್ನಡವನ್ನೂ ಆಡುವವರು ಒಂದೇ ಗ್ರಂಥಭಾಷೆಯಲ್ಲಿ ಪಾಠಟಿಪ್ಪಣಿ ಬರೆಯಬೇಕಾಯಿತು. ಏಕೀಕರಣದ ಚಳವಳಿಗೆ ಬಹು ಮೊದಲೇ ಒಂದು ಸಣ್ಣ ಕರ್ನಾಟಕ ಅಲ್ಲಿ ಕೂಡಿತ್ತೆಂದರೆ ಅತಿಶಯೋಕ್ತಿಯಾಗದು.

ಇಷ್ಟನ್ನು ಹೇಳಿ ಈ ವ್ಯವಸ್ಥೆಯ ದೋಷವನ್ನು ಮರೆಮಾಚಲಾಗದು. ೧೮೫೬ರ ಜೂನಿನಲ್ಲಿ ಇದೇ ಧಾರವಾಡದಲ್ಲಿ ಮಹಾರ ಜಾತಿಯ ಬಾಲಕನೊಬ್ಬನು ಸರಕಾರಿ ಶಾಲೆಯಲ್ಲಿ ಪ್ರವೇಶ ಕೇಳಿದನು. ಅವನಿಗೆ ಪ್ರವೇಶ ದೊರೆಯಲಿಲ್ಲ. ಅವನ ಅರ್ಜಿ ಮುಂಬಯಿಗೆ ಹೋಯಿತು. ನ್ಯಾಯ ಅವನ ಪಕ್ಷದಲ್ಲಿದೆಯೆಂದು ಒಪ್ಪಿಕೊಂಡೂ, ಒಬ್ಬನಿಗಾಗಿ ಉಳಿದವರು ಶಾಲೆ ಬಿಟ್ಟಾರೆಂಬ ಭಯದಿಂದ ಸರಕಾರ ಕೈಕಟ್ಟಿ ಕುಳಿತಿತು. ವಿಷಯ ಲಂಡನ್ನಿನವರೆಗೂ ಹೋಗಿ, ಸರಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕೆಂಬ ತತ್ತ್ವ ಅಲ್ಲಿಂದ ಬಂದಿತು. ಆದರೆ ತತ್ತ್ವವು ಹಳ್ಳಿಯ ಶಾಲೆಯ ಹೊಸ್ತಿಲು ದಾಟಲು ದಶಕಗಳೇ ಬೇಕಾದವು. ೧೯೨೮ರಲ್ಲಿ ಡಾ. ಅಂಬೇಡ್ಕರರು ದಲಿತ ವರ್ಗಗಳ ಶಿಕ್ಷಣದ ಸ್ಥಿತಿಯನ್ನು ಸೈಮನ್ ಆಯೋಗದ ಮುಂದಿಟ್ಟಾಗ ಧಾರವಾಡದ ಈ ಪ್ರಕರಣವನ್ನು ಉದಾಹರಿಸಿದರು. ಕನ್ನಡವು ಶಾಲೆಗೆ ಬರುವುದೂ ಕನ್ನಡದ ಎಲ್ಲ ಮಕ್ಕಳು ಶಾಲೆಗೆ ಬರುವುದೂ ಒಂದೇ ಅಲ್ಲ. ನಮ್ಮ ಶಿಕ್ಷಣದ ಇತಿಹಾಸಗಳು ಮೊದಲನೆಯದನ್ನು ಹೇಳಿ ಎರಡನೆಯದರ ಮೇಲೆ ಪರದೆ ಎಳೆಯುವುದುಂಟು. ಸ್ತ್ರೀಯರ ತರಬೇತಿಯೂ ಬಹು ತಡವಾಗಿ ಬೆಳೆಯಿತು. ೧೮೬೬ರಲ್ಲಿ ಈ ದೇಶಕ್ಕೆ ಬಂದ ಮೇರಿ ಕಾರ್ಪೆಂಟರ್ ಸ್ತ್ರೀಶಿಕ್ಷಕಿಯರಿಗೆ ನಾರ್ಮಲ್ ಸ್ಕೂಲುಗಳಾಗಬೇಕೆಂದು ಒತ್ತಾಯಿಸಿದ್ದಳು. ಅವಳ ಮಾತಿಗೆ ಪುಣೆ, ಮುಂಬಯಿಗಳಲ್ಲಿ ಕಿವಿಗೊಟ್ಟಷ್ಟು ಬೇಗ ನಮ್ಮಲ್ಲಿ ಕೊಡಲಿಲ್ಲ.

ಇನ್ನು ಈ ಕಾಲೇಜಿನಿಂದ ಹೊರಟವರು. ಸಕ್ಕರಿ ಬಾಳಾಚಾರ್ಯರು ಶಾಲಾಶಿಕ್ಷಕರಾಗಿದ್ದುಕೊಂಡೇ ಶಾಂತಕವಿಗಳಾದರು. ಗದಗಿಗೆ ಬಂದ ಮರಾಠಿ ನಾಟಕಗಳನ್ನು ನೋಡಿ ಕನ್ನಡಕ್ಕೇಕೆ ಇಲ್ಲವೆಂದು ಹಟ ತೊಟ್ಟು ಕನ್ನಡ ನಾಟಕ ಮಂಡಳಿ ಕಟ್ಟಿದರು. ವೆಂಕಟೇಶ ತಿರಕೋ ಕುಲಕರ್ಣಿಯವರು, ಅಂದರೆ ಗಳಗನಾಥರು, ಇಲ್ಲಿ ತರಬೇತಿ ಪಡೆದು ಮಾಸ್ತರಿಕೆ ಮಾಡಿ, ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡದ ಓದುಗರ ಮನೆಗೆ ತಂದರು, ಅದೂ ಪುಸ್ತಕದ ಗಂಟನ್ನು ತಾವೇ ಹೊತ್ತುಕೊಂಡು. ಶಂ. ಬಾ. ಜೋಶಿಯವರು ಪ್ರಾಥಮಿಕ ಶಿಕ್ಷಕರಾಗಿ ಆರಂಭಿಸಿ ಕನ್ನಡ-ಮರಾಠಿ ಗಡಿಯ ಸ್ಥಳನಾಮಗಳನ್ನು ಶೋಧಿಸುವ ಸಂಶೋಧಕರಾದರು. ಇಟ್ಟಂಗಿಹಾಳವೆಂಬ ಹೆಸರನ್ನೇ ತೆಗೆದುಕೊಳ್ಳಿರಿ: ಇಟ್ಟಂಗಿಯೆಂದರೆ ಈ ಸೀಮೆಯ ಆಡುಮಾತಿನಲ್ಲಿ ಇಟ್ಟಿಗೆ, 'ಹಾಳ' ಎಂಬ ಕೊನೆ ಸುತ್ತಲಿನ ಎಷ್ಟೋ ಊರುಗಳಲ್ಲಿದೆ. ಊರ ಹೆಸರು ಸಾಕ್ಷಿ ಹೇಳಬಲ್ಲುದೆಂಬ ದೃಷ್ಟಿಯನ್ನು ನಮಗೆ ಕೊಟ್ಟವರಲ್ಲಿ ಈ ಮಾಸ್ತರರು ಮುಖ್ಯರು.

ವಿಜಯಪುರ ಜಿಲ್ಲೆಗೆ ಈ ಪರಂಪರೆಯಿಂದ ಎರಡು ದೊಡ್ಡ ಲಾಭಗಳಾದವು. ಧಾರವಾಡದ ಶಿಕ್ಷಕರೂ ಲೇಖಕರೂ ಆಗಿದ್ದ ಗುರುಬಸಪ್ಪ ಹಳಕಟ್ಟಿಯವರ ಮಗ ಫಕೀರಪ್ಪನವರು (೧೮೮೦-೧೯೬೪) ವಕೀಲರಾಗಿ ೧೯೦೪ರಲ್ಲಿ ಇಲ್ಲಿಗೆ ಬಂದು ನೆಲೆಸಿದರು. ೧೯೧೦ರಲ್ಲಿ ಅವರು ಹುಟ್ಟುಹಾಕಿದ ಬಿ.ಎಲ್.ಡಿ.ಇ. ಸಂಸ್ಥೆ, ೧೯೨೩ರ 'ವಚನಶಾಸ್ತ್ರಸಾರ', ೧೯೨೬ರ 'ಶಿವಾನುಭವ' ಪತ್ರಿಕೆ, ಇವು ಸುಪ್ರಸಿದ್ಧ. ಹಳ್ಳಿ ಹಳ್ಳಿ ತಿರುಗಿ ತಾಡವಾಲೆಗಳನ್ನು ಕೂಡಿಸಿ, ತಿದ್ದಿ, ವಿಂಗಡಿಸಿ ಜನರಿಗೆ ತಿಳಿಯುವಂತೆ ಅಚ್ಚುಹಾಕಿದ ಆ ಶ್ರಮದಲ್ಲಿ ಶಿಕ್ಷಕನ ಮನೆಯ ಸಂಸ್ಕಾರ ನಮಗೆ ಕಾಣುತ್ತದೆ. ಎರಡನೆಯದು ಹಲಸಂಗಿಯ ಗೆಳೆಯರದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬರು ಕೂಡಿ ಹಳ್ಳಿಯ ಹೆಂಗಸರ ಬಾಯಿಂದ ಬರೆದುಕೊಂಡ ಹಾಡುಗಳು 'ಗರತಿಯ ಹಾಡು' ಎಂದು ೧೯೩೧ರಲ್ಲಿ ಪ್ರಕಟವಾದವು. ಇವರಲ್ಲಿ ಲಿಂಗಣ್ಣನವರು ಪ್ರಾಥಮಿಕ ಶಾಲೆಯ ಶಿಕ್ಷಕರು. ನೂರು ವರ್ಷಗಳ ಹಿಂದೆ ಮರಾಠಿ ಪುಸ್ತಕ ಹಿಡಿದು ಹಳ್ಳಿಗೆ ಬಂದ ಮಾಸ್ತರನೆಲ್ಲಿ, ಬೀಸುವ ಕಲ್ಲಿನ ಬಳಿ ಕುಳಿತು ಹಾಡನ್ನು ಬರೆದುಕೊಳ್ಳುವ ಮಾಸ್ತರನೆಲ್ಲಿ!

ಇಪ್ಪತ್ತನೆಯ ಶತಮಾನದಲ್ಲಿ ಕಾಲೇಜಿನ ಸ್ವರೂಪ ಬೇಗ ಬೇಗ ಬದಲಾಯಿತು. ೧೯೧೮ ಮತ್ತು ೧೯೨೩ರ ಕಾನೂನುಗಳಿಂದ ಪ್ರಾಥಮಿಕ ಶಾಲೆಗಳು ಸ್ಥಾನಿಕ ಸಂಸ್ಥೆಗಳ ಕೈಗೆ ಹೋದವು. ೧೯೩೭ರ ವಾರ್ಧಾ ಯೋಜನೆಯ ತರುವಾಯ ಮುಂಬಯಿ ಸರಕಾರ ಮೂಲಶಿಕ್ಷಣವನ್ನು ಕೈಗೊಂಡಾಗ ಕನ್ನಡದ ತರಬೇತಿಕೇಂದ್ರ ಧಾರವಾಡದಲ್ಲಿಯೇ ಆಯಿತು. ಪಂಚಸೋಪಾನದ ಜಾಗದಲ್ಲಿ ತಕಲಿ ಬಂದಿತು. ೧೯೫೬ರ ನವೆಂಬರ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಈ ಜಿಲ್ಲೆಗಳೆಲ್ಲ ಮೈಸೂರು ರಾಜ್ಯಕ್ಕೆ ಸೇರಿದವು. ೧೯೮೬ರ ರಾಷ್ಟ್ರೀಯ ಶಿಕ್ಷಣನೀತಿಯಂತೆ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು ಏರ್ಪಟ್ಟಾಗ ವಿಜಯಪುರದ ಹುಡುಗನು ಧಾರವಾಡಕ್ಕೆ ಹೋಗುವ ಅವಶ್ಯಕತೆ ಉಳಿಯಲಿಲ್ಲ. ೨೦೦೩ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭವಾಗಿ, ರಾಮಾಯಣದ ಕವಿಯಿಂದ ಪ್ರಸಿದ್ಧವಾದ ತೊರವಿಯಲ್ಲಿ ನೆಲೆಸಿತು. ಮೇರಿ ಕಾರ್ಪೆಂಟರಳ ಬೇಡಿಕೆಗೆ ಈ ಸೀಮೆಯ ಉತ್ತರವೆಂದು ಅದನ್ನು ಭಾವಿಸಬಹುದು. ಆದರೆ ಖಾಸಗಿ ಡಿ.ಎಡ್. ವಿದ್ಯಾಲಯಗಳು ಒಂದು ಕಾಲಕ್ಕೆ ಊರೂರಿಗೆ ತಲೆಯೆತ್ತಿ, ೨೦೧೦ರ ದಶಕದಲ್ಲಿ ವಿದ್ಯಾರ್ಥಿಗಳಿಲ್ಲದೆ ಒಂದೊಂದಾಗಿ ಬಾಗಿಲು ಮುಚ್ಚಿದವು. ಪ್ರಾಥಮಿಕ ಶಿಕ್ಷಕನಾಗಬೇಕೆಂಬ ಆಸೆಯೇ ಹಳ್ಳಿಯಲ್ಲಿ ಬತ್ತಿದೆಯೇ, ಅಥವಾ ನೇಮಕಾತಿಯ ವಿಳಂಬ ಅದನ್ನು ಬತ್ತಿಸಿದೆಯೇ? ಎರಡನೆಯದೇ ಹೆಚ್ಚು ನಿಜವೆಂದು ನಮ್ಮ ಅಭಿಪ್ರಾಯ.

ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ಹಳೆಯ ಪ್ರಶ್ನೆ ಇನ್ನೂ ಹಾಗೆಯೇ ಇದೆ. ವಿಜಯಪುರದ ಪಶ್ಚಿಮಕ್ಕೆ ಮಹಾರಾಷ್ಟ್ರದ ಜತ್ತ, ಉತ್ತರಕ್ಕೆ ಅಕ್ಕಲಕೋಟೆ. ಅಲ್ಲಿ ಕನ್ನಡ ಮಾಧ್ಯಮದ ಪ್ರಾಥಮಿಕ ಶಾಲೆಗಳಿವೆ. ಅವುಗಳಿಗೆ ಕನ್ನಡದಲ್ಲಿ ತರಬೇತಿ ಹೊಂದಿದವರು ಎಲ್ಲಿಂದ ಬರಬೇಕು? ಧಾರವಾಡದ ಕಾಲೇಜು ಈಗ ಬೇರೊಂದು ರಾಜ್ಯದ್ದು. ದೂರದ ಕಾಸರಗೋಡಿನಲ್ಲಿ ಈಚಿನ ವರ್ಷಗಳಲ್ಲಿ ಕನ್ನಡ ಶಾಲೆಗಳಿಗೆ ಕನ್ನಡವರಿಯದ ಶಿಕ್ಷಕರು ನೇಮಕವಾಗಿ ಬಂದಾಗ ಪಾಲಕರೂ ಮಕ್ಕಳೂ ಪ್ರತಿಭಟಿಸಿದರು. ಆ ಶಾಲೆಗಳ ಮಾಧ್ಯಮ ಕನ್ನಡವೆಂದು ಸರಕಾರದ ಆಜ್ಞೆಯಿತ್ತು, ಮಕ್ಕಳ ಕೈಯಲ್ಲಿ ಕನ್ನಡ ಪುಸ್ತಕಗಳೂ ಇದ್ದವು.